ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರವೆಷ್ಟು, ಹೊತ್ತೆಷ್ಟು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರ ಎಷ್ಟು ದೂರ? ವಿಮಾನದಲ್ಲಿ ಎಷ್ಟು ತಾಸು ಕುಳಿತಿರಬೇಕು? ನಮ್ಮ ಸಮಾಜದ ಮನೆಗಳಲ್ಲಿ ಇಂದು ಈ ಪ್ರಶ್ನೆಯನ್ನು ಕೇಳದವರು ವಿರಳ. ಮಗಳ ಬಾಣಂತನಕ್ಕೆಂದೋ, ಮಗನ ಹೊಸ ಮನೆಯ ಪ್ರವೇಶಕ್ಕೆಂದೋ, ಮೊಮ್ಮಕ್ಕಳ ಮುಖ ಕಾಣುವ ಹಂಬಲದಿಂದಲೋ ಅರವತ್ತು ದಾಟಿದ ತಾಯಿತಂದೆಗಳು ಗದಗು, ಧಾರವಾಡ, ವಿಜಯಪುರ, ದಾವಣಗೆರೆಗಳಿಂದ ಹೊರಟು ಕ್ಯಾಲಿಫೋರ್ನಿಯಾ ಪ್ರಾಂತದ ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಮುಂತಾದ ಊರುಗಳಿಗೆ ಹೋಗಿ ಬರುತ್ತಿದ್ದಾರೆ. ಹೋಗಿ ಬಂದವರನ್ನು ಕೇಳಿದರೆ ಒಬ್ಬರು ಹದಿನಾರು ತಾಸು ಎನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತೆರಡು ಎನ್ನುತ್ತಾರೆ, ಮತ್ತೊಬ್ಬರು ಎರಡು ದಿನ ಎನ್ನುತ್ತಾರೆ. ಯಾರ ಮಾತೂ ಸುಳ್ಳಲ್ಲ.

ನಾವೂ ನಮ್ಮ ಮನೆಯವರೂ 2023ರ ನವೆಂಬರ್ ತಿಂಗಳ ನಡುವಿನಲ್ಲಿ ಹೊರಟು 2024ರ ಜನವರಿಯಲ್ಲಿ ಮರಳಿದೆವು. ಫ್ರೀಮಾಂಟಿನಲ್ಲಿ ನೆಲೆಸಿರುವ ನಮ್ಮ ಅಣ್ಣನ ಮಗ ತನ್ನ ಎಂಟು ವರ್ಷದ ಮಗನಿಗೆ ಲಿಂಗದೀಕ್ಷೆ ಮಾಡಿಸಬೇಕು, ಅದು ನಮ್ಮ ಸಮ್ಮುಖದಲ್ಲೇ ಆಗಬೇಕು ಎಂದು ಬರೆದಿದ್ದನು. ಆ ಪತ್ರವನ್ನು ಓದಿದಾಗ ನಮಗೆ ಸಂತೋಷಕ್ಕಿಂತ ಮೊದಲು ಅಳುಕೇ ಆಯಿತು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ. ಮೊದಲು ದೂರದ ಲೆಕ್ಕವನ್ನು ಮುಗಿಸೋಣ.

ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನನಿಲ್ದಾಣ 2008ರ ಮೇ 24ರಂದು ಆರಂಭವಾಯಿತು. ಸಮುದ್ರಮಟ್ಟದಿಂದ 915 ಮೀಟರು ಎತ್ತರದಲ್ಲಿರುವ ಬಯಲು ಅದು. ಅತ್ತ ಸ್ಯಾನ್ ಫ್ರಾನ್ಸಿಸ್ಕೋ ವಿಮಾನನಿಲ್ದಾಣವೋ ಕೊಲ್ಲಿಯ ನೀರಿನ ಅಂಚಿನಲ್ಲೇ ಇದೆ. 1927ರಲ್ಲಿ ಮಿಲ್ಸ್ ಫೀಲ್ಡ್ ಎಂಬ ಹೆಸರಿನಿಂದ, ದನ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ ತೆರೆದ ನಿಲ್ದಾಣವದು. ವಿಮಾನ ಇಳಿಯುವಾಗ ಚಕ್ರಗಳು ನೀರಿಗೇ ತಾಗುವುವೋ ಎಂಬ ಭಯ ಹುಟ್ಟುತ್ತದೆ; ಕಡೆಯ ಕ್ಷಣದಲ್ಲಿ ಕಾಂಕ್ರೀಟಿನ ಹಾದಿ ಎದುರಾಗುತ್ತದೆ. ಈ ಎರಡು ನಿಲ್ದಾಣಗಳ ನಡುವಿನ ಕನಿಷ್ಠ ದೂರ 13,993 ಕಿಲೋಮೀಟರು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು ಆಗಿರುವುದರಿಂದ, ಭೂಮಿಯ ಮೇಲೆ ಯಾವ ಎರಡು ಸ್ಥಳಗಳೂ 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲು ಸಾಧ್ಯವಿಲ್ಲ. ಅದರಲ್ಲಿ ಹತ್ತಕ್ಕೆ ಏಳು ಪಾಲು ದೂರ ಇದೊಂದೇ ಹಾರಾಟದಲ್ಲಿ ಕಳೆಯುತ್ತದೆ.

ಕನಿಷ್ಠ ದೂರ ಎಂದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ನೋಡಿದರೆ ಅಮೆರಿಕಕ್ಕೆ ಹೋಗಲು ನೇರ ಪಶ್ಚಿಮಕ್ಕೋ ನೇರ ಪೂರ್ವಕ್ಕೋ ಸಾಗಬೇಕೆಂದು ತೋರುತ್ತದೆ. ಭೂಮಿ ಚಪ್ಪಟೆಯಲ್ಲವಾದ್ದರಿಂದ ಆ ಭೂಪಟ ನಮ್ಮನ್ನು ದಾರಿ ತಪ್ಪಿಸುತ್ತದೆ. ಫ್ರೀಮಾಂಟಿನ ಮನೆಯಲ್ಲಿ ಹುಡುಗನ ಓದುವ ಮೇಜಿನ ಮೇಲೆ ಒಂದು ಭೂಗೋಲವಿದ್ದಿತು. ದೀಕ್ಷೆಗೆಂದು ಊರಿನಿಂದ ಒಯ್ದಿದ್ದ ಹೊಸ ಶಿವದಾರದ ಎಳೆಯೊಂದನ್ನು ತೆಗೆದುಕೊಂಡು, ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಹಿಡಿದು ಬಿಗಿಯಾಗಿ ಎಳೆಯೆಂದು ಅವನಿಗೆ ಹೇಳಿದೆವು. ಬಿಗಿಯಾದ ದಾರ ತಾನಾಗಿಯೇ ಅತಿ ಹತ್ತಿರದ ದಾರಿಯನ್ನು ಹಿಡಿಯುತ್ತದೆ. ಅದು ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ, ಉತ್ತರಕ್ಕೆ ಏರಿತು. ನೇಪಾಳ, ಟಿಬೆಟ್ಟು, ಮಂಗೋಲಿಯಾ ದಾಟಿ, ಸೈಬೀರಿಯಾದ ಹಿಮಾವೃತ ಕರಾವಳಿಯಲ್ಲಿ ಸುಮಾರು 71 ಅಂಶ ಉತ್ತರ ಅಕ್ಷಾಂಶದವರೆಗೆ ಹೋಗಿ, ಅಲ್ಲಿಂದ ಅಲಾಸ್ಕದ ಮೇಲೆ ಬಾಗಿ ಕ್ಯಾಲಿಫೋರ್ನಿಯಾಕ್ಕೆ ಇಳಿಯಿತು. "ಅಜ್ಜಾ, ದಾರ ಸರಿಯಾಗಿ ಹಿಡಿದಿಲ್ಲ" ಎಂದು ಹುಡುಗ ನಮ್ಮನ್ನೇ ತಿದ್ದಲು ಬಂದನು. ಮೂರು ಸಲ ಹಿಡಿದು ನೋಡಿದ ಮೇಲೆ ಒಪ್ಪಿಕೊಂಡನು.

ಆದರೆ ವಿಮಾನಗಳು ಈ ದಾರದ ಹಾದಿಯಲ್ಲಿ ಹೋಗುವುದಿಲ್ಲ. ಹಿಮಾಲಯವೂ ಟಿಬೆಟ್ಟಿನ ಪ್ರಸ್ಥಭೂಮಿಯೂ ಅಡ್ಡ ಬರುತ್ತವೆ. ವಿಮಾನ ಅವುಗಳಿಗಿಂತ ಎತ್ತರದಲ್ಲಿ ಹಾರಬಲ್ಲದು, ನಿಜ. ಆದರೆ ಒಳಗಿನ ಗಾಳಿಯ ಒತ್ತಡ ಅಕಸ್ಮಾತ್ತಾಗಿ ಕುಸಿದರೆ ಜನ ಉಸಿರಾಡಬಲ್ಲ ಎತ್ತರಕ್ಕೆ, ಅಂದರೆ ಸುಮಾರು 3,000 ಮೀಟರಿಗೆ, ಬೇಗನೆ ಇಳಿಯಬೇಕಾಗುತ್ತದೆ. ಕೆಳಗಿನ ನೆಲವೇ 4,500 ಮೀಟರಿನಷ್ಟು ಎತ್ತರವಿದ್ದರೆ ಇಳಿಯುವುದೆಲ್ಲಿಗೆ? ಇನ್ನು ದೇಶದೇಶಗಳ ಮನಸ್ತಾಪವೂ ಆಕಾಶಕ್ಕೆ ಬೇಲಿ ಹಾಕುತ್ತದೆ. 2019ರ ಫೆಬ್ರವರಿ ಕೊನೆಯಿಂದ ಜುಲೈ ನಡುವಿನವರೆಗೆ ಪಾಕಿಸ್ತಾನ ತನ್ನ ಆಕಾಶಮಾರ್ಗವನ್ನು ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. 2022ರಲ್ಲಿ ಯುಕ್ರೇನ್ ಯುದ್ಧ ಮೊದಲಾದ ಮೇಲೆ ರಷ್ಯದ ಮೇಲಿನ ಹಾದಿ ಯುರೋಪು ಮತ್ತು ಅಮೆರಿಕದ ಕಂಪನಿಗಳಿಗೆ ತಪ್ಪಿತು. ಒಂದು ಬಾಗಿಲು ಮುಚ್ಚಿದರೆ ಸಾವಿರಾರು ಕಿಲೋಮೀಟರು ಬಳಸಬೇಕು, ಹೆಚ್ಚು ಎಣ್ಣೆ ಹೊರಬೇಕು, ಅದರ ಭಾರಕ್ಕೆ ತಕ್ಕಂತೆ ಜನರನ್ನೋ ಸಾಮಾನನ್ನೋ ಇಳಿಸಬೇಕು.

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದಿದೆ. ಹೆಚ್ಚು ದೂರದ ದಾರಿಯಲ್ಲಿ ಕಡಿಮೆ ಹೊತ್ತಿನಲ್ಲಿ ತಲುಪಲು ಸಾಧ್ಯ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಸಂಸ್ಥೆಯು ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಕಡೆಯ ಹಾದಿಯ ಬದಲು ಪೆಸಿಫಿಕ್ ಮಹಾಸಾಗರದ ಮೇಲೆ ಕಳಿಸಿತು. ದೂರ ಸಾವಿರದ ನಾನೂರು ಕಿಲೋಮೀಟರಿನಷ್ಟು ಹೆಚ್ಚಿ 15,300 ಆಯಿತು. ಆದರೂ ವಿಮಾನ ಹದಿನಾಲ್ಕೂವರೆ ತಾಸಿನಲ್ಲಿ, ಹಳೆಯ ಹಾದಿಗಿಂತ ಬೇಗ ತಲುಪಿತು. ಕಾರಣ ಗಾಳಿ. ಭೂಮಿಯಿಂದ ಒಂಬತ್ತು–ಹನ್ನೆರಡು ಕಿಲೋಮೀಟರು ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ವಾಯುಪ್ರವಾಹವಿದೆ. ಚಳಿಗಾಲದಲ್ಲಿ ಅದರ ವೇಗ ತಾಸಿಗೆ 200 ಕಿಲೋಮೀಟರನ್ನೂ ಮೀರುತ್ತದೆ. ಪೂರ್ವಕ್ಕೆ ಹೋಗುವವನನ್ನು ಅದು ಬೆನ್ನ ಮೇಲೆ ಕೈಯಿಟ್ಟು ನೂಕುತ್ತದೆ, ಪಶ್ಚಿಮಕ್ಕೆ ಹೋಗುವವನ ಎದೆಗೆ ಅಡ್ಡ ನಿಲ್ಲುತ್ತದೆ. ನದಿಯಲ್ಲಿ ಹರಿಗೋಲು ಹಾಕುವ ನಮ್ಮ ಕಡೆಯ ಅಂಬಿಗರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಬೆಂಗಳೂರಿನ ನೇರ ವಿಮಾನದ ಚರಿತ್ರೆ ಚಿಕ್ಕದು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಉತ್ತರಧ್ರುವದ ಮೇಲಿನಿಂದ ಹಾರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಅದನ್ನು ನಡೆಸಿದ ನಾಲ್ವರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರು ಮುಖ್ಯಸ್ಥರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ನಡೆದು ಹೋದಳೆಂದು ಭಾಷಣ ಮಾಡುತ್ತ, ಮಗಳನ್ನು ಮುಂದಿನ ಊರಿನ ಕಾಲೇಜಿಗೆ ಕಳಿಸಲು ಹಿಂದೆಮುಂದೆ ನೋಡುವ ನಮ್ಮ ಬಂಧುಗಳು ಈ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಳ್ಳಬೇಕು. ಈ ನೇರ ಹಾರಾಟವು ನಡುವೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಮೊದಲಾಯಿತು. ಇಂಥ ದೂರದ ಹಾರಾಟಗಳು ಎಣ್ಣೆಯ ಬೆಲೆ, ಯುದ್ಧ, ವಿಮಾನಗಳ ಕೊರತೆಗಳಿಗೆ ಅನುಸಾರವಾಗಿ ಬರುತ್ತವೆ, ಹೋಗುತ್ತವೆ. ಹೊರಡುವವರು ಆಯಾ ಕಾಲಕ್ಕೆ ವಿಚಾರಿಸಿಕೊಳ್ಳುವುದೇ ಲೇಸು. ನೇರ ವಿಮಾನ ಇಲ್ಲದಾಗ ದುಬೈ ಮೇಲೆ ಹೋದರೆ ಮೊದಲು ನಾಲ್ಕು ತಾಸು, ಆಮೇಲೆ ಹದಿನೈದು–ಹದಿನಾರು ತಾಸು. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಮೊದಲು ಹತ್ತು ತಾಸು, ಆಮೇಲೆ ಹನ್ನೊಂದರ ಮೇಲೆ. ನಡುವಿನ ಕಾಯುವಿಕೆ ಬೇರೆ.

ಹೊರಡುವಾಗ ನಿಲ್ದಾಣದಲ್ಲಿ ನಡೆದ ಒಂದು ಸಂಗತಿಯನ್ನು ಬಂಧುಗಳ ಉಪಯೋಗಕ್ಕಾಗಿ ಹೇಳಬೇಕು. ಭದ್ರತಾ ತಪಾಸಣೆಯಲ್ಲಿ ನಮ್ಮ ಕೊರಳಿನ ಬೆಳ್ಳಿಯ ಕರಡಿಗೆ ಯಂತ್ರಕ್ಕೆ ಸಿಕ್ಕಿ ಸದ್ದು ಮಾಡಿತು. ಅದನ್ನು ತೆಗೆದು ತಟ್ಟೆಯಲ್ಲಿ ಇಡಬೇಕೆಂದು ಅಲ್ಲಿಯ ಯುವಕ ವಿನಯದಿಂದಲೇ ಕೇಳಿದನು. ಇಷ್ಟಲಿಂಗ ಅಂಗದಿಂದ ಅಗಲಬಾರದು. ಅವನ ಕರ್ತವ್ಯಕ್ಕೂ ಅಡ್ಡಿಯಾಗಬಾರದು. ನಾವು ಲಿಂಗವನ್ನು ಕರಡಿಗೆಯಿಂದ ತೆಗೆದು, ಒಯ್ದಿದ್ದ ಬಿಳಿಯ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಬರಿಯ ಕರಡಿಗೆಯನ್ನು ತಟ್ಟೆಗೆ ಹಾಕಿದೆವು. ಯಂತ್ರ ಸುಮ್ಮನಾಯಿತು. ಹೊರಡುವವರು ಮನೆಯಲ್ಲೇ ವಸ್ತ್ರದಲ್ಲಿ ಕಟ್ಟಿಕೊಂಡು ಬಂದರೆ ಸಾಲಿನಲ್ಲಿ ನಿಂತು ತಡಕಾಡುವುದು ತಪ್ಪುತ್ತದೆ. ನೂರು ಮಿಲಿಲೀಟರಿಗಿಂತ ಹೆಚ್ಚಿನ ಶೀಶೆಯಲ್ಲಿ ನೀರು ಒಯ್ಯಲು ಬಿಡುವುದಿಲ್ಲ. ಪೂಜೆಗೆ ಬೇಕಾದ ನೀರು ವಿಮಾನದೊಳಗೆ ಸಿಗುತ್ತದೆ. ವಿಭೂತಿಗಟ್ಟಿಗೆ ಯಾರ ತಕರಾರೂ ಇಲ್ಲ. ನಮ್ಮ ಮನೆಯವರು ಕಟ್ಟಿಕೊಂಡು ಬಂದಿದ್ದ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿಗಳು ಕ್ಯಾಲಿಫೋರ್ನಿಯಾದವರೆಗೆ ಕ್ಷೇಮವಾಗಿ ಬಂದವು, ರೊಟ್ಟಿ ಅಷ್ಟಿಷ್ಟು ಮುರಿದಿದ್ದವು.

ಮಧ್ಯಾಹ್ನ ಎರಡೂವರೆಯ ಸುಮಾರಿಗೆ ವಿಮಾನ ಮೇಲೇರಿತು. ಎದುರಿನ ಪುಟ್ಟ ಪರದೆಯಲ್ಲಿ ಹಾದಿ ಕಾಣುತ್ತಿದ್ದಿತು: ಬಂಗಾಳ ಉಪಸಾಗರ, ಮ್ಯಾನ್ಮಾರ್, ಚೀನ, ಜಪಾನಿನ ಅಂಚು, ಆಮೇಲೆ ನೀಲಿ ಬಣ್ಣವೊಂದೇ. ಎರಡು ತಾಸು ಕಳೆಯುವುದರೊಳಗೆ ಸೂರ್ಯ ಬೆನ್ನ ಹಿಂದೆ ಮುಳುಗಿದನು. ಸೂರ್ಯನಿಗೆ ಎದುರಾಗಿ ಓಡುತ್ತಿದ್ದುದರಿಂದ ಇರುಳು ಎಂಟೇ ತಾಸಿನಲ್ಲಿ ಮುಗಿದು, ಪೆಸಿಫಿಕ್ ಸಾಗರದ ನಡುವೆ ಮೂಡಲ ಅಂಚು ಕೆಂಪಾಯಿತು. ಪಕ್ಕದವರಿಗೆ ತೊಂದರೆಯಾಗದಂತೆ ಕುಳಿತಲ್ಲಿಯೇ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮಾಡಿದೆವು. ಆಗ ನಮ್ಮ ಕೈಗಡಿಯಾರದಲ್ಲಿ ನಡುರಾತ್ರಿ ದಾಟಿ ಮುಕ್ಕಾಲು ತಾಸಾಗಿದ್ದಿತು. ಅಂತಾರಾಷ್ಟ್ರೀಯ ದಿನರೇಖೆಯನ್ನು ದಾಟುತ್ತಲೇ ತಾರೀಖು ಹಿಂದಕ್ಕೆ ಸರಿಯಿತು. ಅಂದು ಬೆಳಗ್ಗೆ ಬೆಂಗಳೂರಿನ ನಂಟರ ಮನೆಯಲ್ಲಿ ಒಮ್ಮೆ ಪ್ರಾತಃಪೂಜೆ ಮಾಡಿದ್ದೆವು. ಅದೇ ತಾರೀಖಿಗೆ ಇದು ಎರಡನೆಯದು. ಇಳಿದಾಗ ಅದೇ ತಾರೀಖಿನ ಸಂಜೆ ಐದು. ಹದಿನಾರು ತಾಸು ಹಾರಿದ್ದೆವು, ಗಡಿಯಾರದ ಪ್ರಕಾರ ಎರಡೂವರೆ ತಾಸು ಮಾತ್ರ ಕಳೆದಿದ್ದಿತು.

ಈ ಚಮತ್ಕಾರ ನಮಗೆ ಹೊಸದಾದರೂ ಅದರ ಗಣಿತ ಹಳೆಯದು. ಐವತ್ತು ವರ್ಷಗಳ ಹಿಂದೆ ಮಠದ ಪಾಠಶಾಲೆಯಲ್ಲಿ ನಮಗೆ ಸಿದ್ಧಾಂತ ಗ್ರಂಥಗಳನ್ನು ಬೋಧಿಸಿದ ಶಾಸ್ತ್ರಿಗಳು ಗಚ್ಚಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ವೃತ್ತವನ್ನು ಬರೆದು, ಅದರ ಮೇಲೆ ನಾಲ್ಕು ಊರುಗಳನ್ನು ಗುರುತಿಸುತ್ತಿದ್ದರು: ಲಂಕಾ, ಯಮಕೋಟಿ, ಸಿದ್ಧಪುರ, ರೋಮಕ. ಭೂಮಧ್ಯರೇಖೆಯ ಮೇಲೆ ತೊಂಬತ್ತು ತೊಂಬತ್ತು ಅಂಶಗಳ ಅಂತರದಲ್ಲಿ ಕಲ್ಪಿಸಿದ ಊರುಗಳು ಅವು. ಲಂಕೆಯಲ್ಲಿ ಸೂರ್ಯೋದಯವಾದಾಗ ಯಮಕೋಟಿಯಲ್ಲಿ ನಡುಹಗಲು, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ. ಆರ್ಯಭಟನು ಐದನೆಯ ಶತಮಾನದ ಕೊನೆಯಲ್ಲೇ ಇದನ್ನು ಹೇಳಿದ್ದನು. ಲಂಕೆಯ ರೇಖೆ ಉಜ್ಜಯಿನಿಯ ಮೇಲೆ ಹಾಯುತ್ತದೆ. ಅದಕ್ಕೆ ನೇರ ಎದುರಿನ ಸಿದ್ಧಪುರವನ್ನು ಇಂದಿನ ಭೂಪಟದಲ್ಲಿ ಹುಡುಕಿದರೆ 104 ಅಂಶ ಪಶ್ಚಿಮ ರೇಖಾಂಶಕ್ಕೆ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಅದಕ್ಕಿಂತ 18 ಅಂಶ ಆಚೆಗಿದೆ, ಅಷ್ಟೇ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ಹದಿಮೂರೂವರೆ ತಾಸಿನ ಅಂತರ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಮುಂದೂಡುವುದರಿಂದ ಹನ್ನೆರಡೂವರೆ. ಸಿದ್ಧಪುರದಲ್ಲಿ ಯಾರಿರುತ್ತಾರೆ ಗುರುಗಳೇ ಎಂದು ನಾವು ಹುಡುಗರು ಕೇಳಿದಾಗ, ಸಿದ್ಧರು ಇರುತ್ತಾರೆ ಎಂದು ಹೇಳಿ ಶಾಸ್ತ್ರಿಗಳು ನಗುತ್ತಿದ್ದರು. ನಮ್ಮ ಅಣ್ಣನ ಮಗನೇ ಅಲ್ಲಿಗೆ ಹೋಗಿ ಇರುವನೆಂದು ಅವರಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಈಗ ಅಳುಕಿನ ಮಾತಿಗೆ ಬರುತ್ತೇವೆ.

ನಮ್ಮ ಅಣ್ಣನವರು 2019ರ ಜನವರಿಯ ಒಂದು ರಾತ್ರಿ ಒಂಬತ್ತು ಗಂಟೆಗೆ ರೋಣ ತಾಲೂಕಿನ ನಮ್ಮ ಊರಿನಲ್ಲಿ ಲಿಂಗೈಕ್ಯರಾದರು. ಮಗನಿಗೆ ಸುದ್ದಿ ಮುಟ್ಟಿದಾಗ ಅಲ್ಲಿ ಅದೇ ದಿನದ ಬೆಳಗ್ಗೆ ಏಳೂವರೆ. ಅವನು ಕೂಡಲೇ ಟಿಕೇಟು ಹುಡುಕಿದನು. ಆಗ ಬೆಂಗಳೂರಿಗೆ ನೇರ ವಿಮಾನವಿರಲಿಲ್ಲ. ಸಂಜೆ ಏಳೂವರೆಗೆ ಹೊರಡುವ ಒಂದು ವಿಮಾನದಲ್ಲಿ ಜಾಗ ಸಿಕ್ಕಿತು. ನಡುವೆ ಒಂದು ಕಡೆ ಇಳಿದು ಹತ್ತಿ ಬೆಂಗಳೂರು ಮುಟ್ಟಲು ಇಪ್ಪತ್ತನಾಲ್ಕು ತಾಸು, ಅಲ್ಲಿಂದ ನಾನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆ. "ಕಾಕಾ, ನಾ ಬರೂತನಕ ಇಡ್ರಿ" ಎಂದು ದೂರವಾಣಿಯಲ್ಲಿ ಕೇಳಿಕೊಂಡನು. "ಬಾರಪಾ, ನೋಡೋಣ" ಎಂದೆವು.

ನಮ್ಮಲ್ಲಿ ಶರೀರವನ್ನು ಮಲಗಿಸುವುದಿಲ್ಲ. ವಿಭೂತಿ ಧರಿಸಿ ಕೂಡಿಸುತ್ತೇವೆ, ಕೂಡಿಸಿದಂತೆಯೇ ಸಮಾಧಿಯಲ್ಲಿ ಇಳಿಸುತ್ತೇವೆ. ದೇಹ ಸೆಟೆಯುವ ಮೊದಲೇ ಇದಾಗಬೇಕು. ಶೀತಪೆಟ್ಟಿಗೆ ತರಿಸಿದರೆ ಅದರಲ್ಲಿ ಮಲಗಿಸಬೇಕಾಗುತ್ತದೆ, ಆಮೇಲೆ ಕೂಡಿಸುವುದು ಕಷ್ಟ. ಮರುದಿನ ಬೆಳಗಾಗುವಷ್ಟರಲ್ಲಿ ಸುತ್ತಲಿನ ಹತ್ತು ಹಳ್ಳಿಗಳ ಜನ, ಭಜನೆಯವರು ಬಂದು ನೆರೆದಿದ್ದರು. ಅವರಿಗೆ ಎರಡು ದಿನ ಅನ್ನ ನೀರು ಯಾರು ನೋಡುವವರು, ದೇಹ ತಾಳಬೇಕಲ್ಲ ಎಂದು ಹಿರಿಯರು ನಮ್ಮ ಮುಖ ನೋಡಿದರು. ಮನೆಗೆ ಆಗ ನಾವೇ ಹಿರಿಯರು. ಹನ್ನೊಂದು ಗಂಟೆಗೆ ನಾವು ಹೂಂ ಎಂದೆವು. ಲಿಂಗದಲ್ಲಿ ಬೆರೆತವನಿಗೆ ಹತ್ತಿರವೆಷ್ಟು ದೂರವೆಷ್ಟು, ಉಳಿದಿರುವುದು ಮಣ್ಣು, ಅದನ್ನು ಕಾಯಿಸುವುದು ಮೋಹ ಎಂದು ನಾಲ್ಕು ಜನರೆದುರು ವ್ಯಾಖ್ಯಾನವನ್ನೂ ಮಾಡಿದೆವು. ನಾಲ್ಕು ಗಂಟೆಗೆ ಹೊಲದಲ್ಲಿ ಎಲ್ಲವೂ ಮುಗಿಯಿತು. ಹುಡುಗ ಬೆಳಗ್ಗೆ ನಮ್ಮ ಒಂಬತ್ತು ಗಂಟೆಗೇ ವಿಮಾನವೇರಿದ್ದನು; ಅವನಿಗೆ ತಿಳಿಸುವ ಉಪಾಯವಿರಲಿಲ್ಲ. ಅವನಿಗೆ ವಿಷಯ ಗೊತ್ತಾದದ್ದು ಬೆಂಗಳೂರಿನಲ್ಲಿ ಇಳಿದ ಮೇಲೆ. ಸಂಜೆ ಊರಿಗೆ ಬಂದವನು ಮನೆಗೆ ಬರದೆ, ಬೆನ್ನಿಗೆ ಚೀಲವಿದ್ದಂತೆಯೇ ನೇರವಾಗಿ ಹೊಲಕ್ಕೆ ಹೋದನು. ನಮಗೆ ಒಂದು ಮಾತನ್ನೂ ಅನ್ನಲಿಲ್ಲ. ಅನ್ನದೆ ಇದ್ದುದೇ ನಾಲ್ಕು ವರ್ಷ ನಮ್ಮ ಜೊತೆಗಿದ್ದಿತು.

ಶಾಸ್ತ್ರವಾಗಿ ಅಂದು ನಾವು ಹೇಳಿದ್ದು ತಪ್ಪಲ್ಲ. ಇಂದಿಗೂ ಅದನ್ನೇ ಹೇಳುತ್ತೇವೆ. ಆದರೆ ಹದಿನಾಲ್ಕು ಸಾವಿರ ಕಿಲೋಮೀಟರು ಎಂದರೆ ಏನೆಂದು ತಿಳಿಯದೆ ಹೇಳಿದೆವು. ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಬಂದರೆಂದೂ, ಅಫ್ಘಾನಿಸ್ತಾನದ ಕಡೆಯಿಂದ ಮರುಳಶಂಕರದೇವರು ಬಂದರೆಂದೂ ಪರಂಪರೆ ಹೇಳುತ್ತದೆ. ಕಾಶ್ಮೀರದಿಂದ ಕಲ್ಯಾಣ ನೇರ ಗೆರೆಯಲ್ಲೇ 1,800 ಕಿಲೋಮೀಟರು. ಇದನ್ನು ಎಷ್ಟೋ ಪ್ರವಚನಗಳಲ್ಲಿ ಹೇಳಿದ್ದೇವೆ. ಅವರ ಹಿಂದೆ ಉಳಿದವರ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಸುದ್ದಿ ಹೇಗೆ ಬಂದಿತೆಂದು ಒಮ್ಮೆಯೂ ಯೋಚಿಸಲಿಲ್ಲ. 1893ರ ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿದ ಸ್ವಾಮಿ ವಿವೇಕಾನಂದರು ಜುಲೈ 25ಕ್ಕೆ ವ್ಯಾಂಕೂವರ್ ಮುಟ್ಟಿದರು. ಐವತ್ತೈದು ದಿನ ಹಿಡಿಯುವ ದೂರದಲ್ಲಿದ್ದವನನ್ನು ಮಣ್ಣಿಗೆ ಯಾರೂ ಕಾಯುವುದಿಲ್ಲ, ಬರುತ್ತೇನೆಂದು ಅವನೂ ಹೇಳುವುದಿಲ್ಲ. ಎರಡು ದಿನದ ದೂರವೇ ಕಠಿಣ. ಅದು ಕಾಯಲು ಹೆಚ್ಚು, ಕಾಯದಿರಲು ಕಡಿಮೆ.

ದೀಕ್ಷೆಯು ಚೆನ್ನಾಗಿ ನಡೆಯಿತು. ಸುತ್ತಲಿನ ಊರುಗಳಿಂದ ನಮ್ಮ ಸಮಾಜದ ಮೂವತ್ತು ಮನೆಯವರು ಬಂದಿದ್ದರು. ಹೆಣ್ಣುಮಕ್ಕಳು ಮಾದಲಿ ಮಾಡಿದ್ದರು. ಹುಡುಗ ಗಂಭೀರವಾಗಿ ಕುಳಿತಿದ್ದನು. ಅದೆಲ್ಲ ಓದುಗರು ಊಹಿಸಬಲ್ಲರು.

ಅಂದು ರಾತ್ರಿ ನಿದ್ದೆ ಬಾರದೆ ಅಡುಗೆಮನೆಗೆ ನೀರಿಗೆಂದು ಹೋದಾಗ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಹಾಳೆಯನ್ನು ಕಂಡೆವು. ಅಣ್ಣನ ಮಗನ ಕೈಬರಹ. ಏಳು ವಾರಗಳಿಗೆ ಏಳು ಸಾಲು. ಯಾವ ವಾರ ನೇರ ವಿಮಾನ, ಯಾವ ವಾರ ದುಬೈ ಮೇಲೆ, ಯಾವ ವಾರ ಫ್ರಾಂಕ್‌ಫರ್ಟ್ ಮೇಲೆ, ಯಾವ ವಾರ ಸಿಂಗಪುರದ ಮೇಲೆ. ಎಷ್ಟು ಗಂಟೆಗೆ ಬಿಡುತ್ತದೆ, ಬೆಂಗಳೂರು ಎಷ್ಟಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ವಿಮಾನವಿದೆಯೇ ಇಲ್ಲವೇ, ಕಡೆಯಲ್ಲಿ "ಊರು" ಎಂದು ಬರೆದು ಒಟ್ಟು ತಾಸು. ಅತಿ ಕಡಿಮೆಯದು ಮೂವತ್ತು, ಅತಿ ಹೆಚ್ಚಿನದು ನಲವತ್ತೊಂದು. ಅವನೂ ಎಚ್ಚರವಾಗಿದ್ದನು, ಎದ್ದು ಬಂದು ಪಕ್ಕದಲ್ಲಿ ನಿಂತನು.

"ಇದು ಏನಪಾ?" ಎಂದೆವು.

"ಅವ್ವನ ಸಲುವಾಗಿ ಕಾಕಾ. ಅಪ್ಪನ ವ್ಯಾಳೇದಾಗ ಟಿಕೇಟ್ ಹುಡುಕೂದ್ರಾಗ ಮೂರು ತಾಸು ಹೋತು. ಆರು ತಿಂಗಳಿಗೊಮ್ಮೆ ಬದಲಿ ಬರೀತೇನಿ. ಪಾಸ್‌ಪೋರ್ಟ್ ಇಲ್ಲೇ ಮ್ಯಾಲಿನ ಖಾನೇದಾಗ ಇರ್ತದ."

ಹನ್ನೊಂದು ಗಂಟೆಗೆ ಹೂಂ ಎಂದವರು ನಾವೇ, ಹೊರಡುವ ಮೊದಲೇ ನಿನಗೆ ತಿಳಿಸಬೇಕಾಗಿದ್ದಿತು, ನೋಡೋಣ ಎನ್ನಬಾರದಾಗಿದ್ದಿತು ಎಂದು ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಗೊತ್ತೈತಿ ಕಾಕಾ. ನೀವು ಏನು ಮಾಡೋರು. ಮಣ್ಣಾಗೂತನಕ ಉಣ್ಣಬಾರದಂತ ವಿಮಾನದಾಗ ಒಂದು ದಿನಪೂರ್ತಿ ಉಪವಾಸ ಕುಂತಿದ್ದೆ. ಅವರು ತಟ್ಟಿ ತಂದ್ರು, ಬ್ಯಾಡ ಅಂದೆ. ಮತ್ತ ತಂದ್ರು, ಬ್ಯಾಡ ಅಂದೆ. ಆವಾಗ ನೀವೆಲ್ಲಾ ಮಣ್ಣು ಮುಗಿಸಿ, ಜಳಕಾ ಮಾಡಿ, ಪ್ರಸಾದ ಮಾಡಿದ್ರಿ. ಅದೊಂದು ನೆನಪಾಗತದ, ಮತ್ತೇನಿಲ್ಲ" ಎಂದನು.

ನಮ್ಮ ಬಳಿ ವ್ಯಾಖ್ಯಾನವಿರಲಿಲ್ಲ. ವೈನಿಯವರ ವಿಷಯದಲ್ಲಿ, ನಾವು ಇದ್ದರೆ, ಅವನು ಬರುವವರೆಗೆ ಇಡುವುದಾಗಿ ಮಾತು ಕೊಟ್ಟೆವು. ಅವನು ಹೌದೆಂದೂ ಅಲ್ಲವೆಂದೂ ಹೇಳದೆ ನೀರು ಕಾಯಿಸಿ ಕೊಟ್ಟನು.

ಮರಳುವಾಗ ವಿಮಾನ ರಾತ್ರಿ ಎಂಟೂವರೆಗೆ ಹೊರಟು ಈ ಸಲ ಉತ್ತರಕ್ಕೆ ತಿರುಗಿತು. ಕೆನಡ ದೇಶವನ್ನು ದಾಟಿ ಧ್ರುವಪ್ರದೇಶದ ಮೇಲೆ ಬಂದೆವು. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗಿನ ಚಳಿ. ವಿಮಾನದ ಎಣ್ಣೆಯೂ ಹೆಪ್ಪುಗಟ್ಟುವ ಮಟ್ಟವೊಂದಿದೆ, ಬಗೆಯನ್ನನುಸರಿಸಿ ಸೊನ್ನೆಗಿಂತ 40 ಅಥವಾ 47 ಡಿಗ್ರಿ ಕೆಳಗೆ. ಆದ್ದರಿಂದ ಚಾಲಕರು ಅದರ ಉಷ್ಣತೆಯನ್ನು ನೋಡುತ್ತಲೇ ಇರಬೇಕಂತೆ. ಅವಘಡವಾದರೆ ಇಳಿಯುವ ಜಾಗಗಳೂ ವಿರಳ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಮೂಡಣ ಅಂಚಿನ ಮಗದಾನ್ ಎಂಬಲ್ಲಿ ಇಳಿದು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಅಲ್ಲಿಯೇ ತಂಗಬೇಕಾಯಿತು. ಮೇರುವಿನ ಮೇಲಿರುವವರಿಗೆ ಆರು ತಿಂಗಳು ಹಗಲು, ಆರು ತಿಂಗಳು ಇರುಳು ಎಂದು ಸಿದ್ಧಾಂತಕಾರರು ಬರೆದಿದ್ದಾರೆ. ಬಸವಣ್ಣನವರ ಕಾಲದವನೇ ಆದ ಭಾಸ್ಕರಾಚಾರ್ಯನು ಅದನ್ನು ಗಣಿತದಿಂದ ವಿವರಿಸಿದ್ದಾನೆ. ನಾವು ಹೋದದ್ದು ದೇವತೆಗಳ ಇರುಳಿನಲ್ಲಿ. ಕಿಟಕಿಯ ಮುಚ್ಚಳವನ್ನು ಎಷ್ಟು ಸಲ ಸರಿಸಿ ನೋಡಿದರೂ ಬೆಳಗಿನ ಸುಳಿವಿಲ್ಲ. ಹದಿನೇಳು ತಾಸಿಗೂ ಮೇಲೆ ಹಾರಿ ಬೆಂಗಳೂರಿಗೆ ಇಳಿದಾಗ ಮೂರನೆಯ ತಾರೀಖಿನ ನಸುಕು. ನಡುವಿನ ಒಂದು ತಾರೀಖು ನಮಗೆ ಸೂರ್ಯನಿಲ್ಲದೆ ಹೋಯಿತು. ಹೋಗುವಾಗ ಹೆಚ್ಚಾಗಿ ಸಿಕ್ಕಿದ ಬೆಳಗನ್ನು ಬರುವಾಗ ಹಿಂದಿರುಗಿಸಿದಂತಾಯಿತು. ಪ್ರಾತಃಪೂಜೆಯನ್ನು ಗಡಿಯಾರದ ಅಂದಾಜಿನಿಂದ ಮಾಡಿದೆವು.

ಊರಿಗೆ ಹೋಗಿ ಮೊದಲು ವೈನಿಯವರನ್ನು ಕಂಡೆವು. ಮಗ, ಸೊಸೆ, ಮೊಮ್ಮಗನ ಕ್ಷೇಮವನ್ನೆಲ್ಲ ಕೇಳಿ, ದೀಕ್ಷೆಯ ಫೋಟೋಗಳನ್ನು ಮುಖದ ಹತ್ತಿರ ಹಿಡಿದು ನೋಡಿದ ಮೇಲೆ, "ಎಷ್ಟು ದೂರ ಐತ್ರೀ ಅದು?" ಎಂದರು.

"ಹದಿನಾಲ್ಕು ಸಾವಿರ ಕಿಲೋಮೀಟರ್ ವೈನಿ" ಎಂದೆವು. ಆ ಸಂಖ್ಯೆ ಅವರ ಮುಖದ ಮೇಲೆ ಏನನ್ನೂ ಮಾಡಲಿಲ್ಲ. "ಅವರ ಮನಿಯಿಂದ ನಮ್ಮ ಮನಿಗೆ ಅಂದ್ರ ಎರಡು ರಾತ್ರಿ ಹಿಡೀತೈತ್ರಿ" ಎಂದು ತಿದ್ದಿ ಹೇಳಿದೆವು.

ಎರಡು ರಾತ್ರಿ ಎಂಬುದು ಅವರಿಗೆ ತಿಳಿಯಿತು. ಸೆರಗಿನಿಂದ ಫೋಟೋ ಒರೆಸುತ್ತ ಸ್ವಲ್ಪ ಯೋಚಿಸಿದರು. "ಎರಡ ರಾತ್ರಿ ಕೂಡಿಸಿ ಇಡಾಕ ಬರತೈತೇನ್ರಿ?"

"ಬರತೈತ್ರಿ. ಇಡ್ತೀವಿ. ಅವಗ ಮಾತು ಕೊಟ್ಟು ಬಂದೇವಿ."

"ಹಂಗಾರ ಚಳಿಗಾಲದಾಗ ಹೋದ್ರ ಚಲೋ ನೋಡ್ರಿ" ಎಂದು ನಕ್ಕು, ಚಹಕ್ಕಿಡಲು ಒಳಗೆ ಹೋದರು.